ಒಡೆಯದ್ದನ್ನು ಒಡೆದಂತೆ ಬರೆಯಬೇಡ

ಪ್ರೀತಿಯ ತಂಗೀ,

ನಿನ್ನ ಪತ್ರ ಬಂತು. ಜೊತೆಗೆ ನಿನ್ನ ಗೆಳತಿ ಮಾಡಿದ ಪೋಸ್ಟರ್‌ನ ಫೋಟೋನೂ ನೋಡಿದೆ. ಅದರ ಅಡಿಗೆ ಹಾಕೋಕೆ ನೀನು ಬರೆದ ಬರಹವನ್ನು ಮೂರು ಸಲ ಓದಿದೆ. ಮಂಗಳನ ಮೇಲೆ ಇಳಿಯೋಕೆ ಹೋದ ಬೀಗಲ್ 2 ನೌಕೆಯ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಅನಿಸಿತಲ್ಲ, ಅದೇ ನನಗೆ ಖುಷಿ. ಗುರಿ ಮುಟ್ಟಿದ ನೌಕೆಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಪೋಸ್ಟರ್‌ನಲ್ಲಿ ಕೆಂಪು ನೆಲ, ಚೂರುಚೂರಾದ ಲೋಹ, ಮೇಲೇಳುವ ಕಪ್ಪು ಹೊಗೆ. ಕೆಳಗೆ ನಿನ್ನ ಸಾಲು: ‘ಮಂಗಳನಿಗೆ ಅಪ್ಪಳಿಸಿ ನುಚ್ಚುನೂರಾದ ಕನಸು.’ ಕಿವಿಗೆ ಚೆನ್ನಾಗಿದೆ. ಆದರೆ ನಿಜ ಅಲ್ಲ. ಬೀಗಲ್ 2 ನುಚ್ಚುನೂರಾಗಲಿಲ್ಲ. ಅದು ಇಳಿದಿತ್ತು.

2003ರ ಜೂನ್ 2ರಂದು ಕಜಕಸ್ತಾನದ ಬೈಕನೂರಿನಿಂದ ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ಜೊತೆ ಹೊರಟ ಪುಟ್ಟ ಬ್ರಿಟಿಷ್ ಯಂತ್ರ ಅದು. ತೂಕ ಸುಮಾರು 33 ಕೆ.ಜಿ. ಐವತ್ತು ಕೆ.ಜಿ. ಅಕ್ಕಿ ಮೂಟೆಗಿಂತ ಹಗುರ. ಡಿಸೆಂಬರ್ 19ಕ್ಕೆ ತಾಯಿನೌಕೆಯಿಂದ ಬೇರೆಯಾಯಿತು. ಕ್ರಿಸ್‌ಮಸ್ ದಿನ ಇಸಿಡಿಸ್ ಬಯಲಿನಲ್ಲಿ ಇಳಿಯಬೇಕಿತ್ತು. ಆಮೇಲೆ ಸದ್ದೇ ಇಲ್ಲ. ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕ್‌ನ ದೊಡ್ಡ ರೇಡಿಯೊ ದೂರದರ್ಶಕ ಕಿವಿಗೊಟ್ಟು ಕಾದರೂ ಏನೂ ಕೇಳಿಸಲಿಲ್ಲ. ಒಡೆದುಹೋಗಿರಬೇಕು ಅಂತಲೇ ಬಹಳ ಜನ ಅಂದುಕೊಂಡರು.

2015ರ ಜನವರಿಯಲ್ಲಿ ಅದು ಸಿಕ್ಕಿತು. ಮಂಗಳನನ್ನು ಸುತ್ತುತ್ತಿದ್ದ ನಾಸಾದ ನೌಕೆಯೊಂದು ಮೇಲಿನಿಂದ ತೆಗೆದ ಚಿತ್ರಗಳಲ್ಲಿ. ಆ ಚಿತ್ರವನ್ನು ಸಾಧ್ಯವಾದಷ್ಟು ದೊಡ್ಡದು ಮಾಡಿಕೊಂಡು ನೋಡು. ಒಂದೊಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 30 ಸೆಂ.ಮೀ. ಪೂರ್ತಿ ಬಿಚ್ಚಿಕೊಂಡ ಬೀಗಲ್ ಎರಡು ಮೀಟರ್‌ಗಿಂತ ಕಮ್ಮಿ. ಅಂದರೆ ಕಾಣೋದು ಬೆರಳೆಣಿಕೆಯ ಬೆಳ್ಳಗಿನ ಚುಕ್ಕೆಗಳು, ಅಷ್ಟೇ. ಸ್ವಲ್ಪ ದೂರದಲ್ಲಿ ಪ್ಯಾರಾಶೂಟ್ ಬಿದ್ದಿದೆ. ಹೊಗೆ ಇಲ್ಲ, ಚೂರು ಇಲ್ಲ. ಗುರಿಯಿಟ್ಟ ಜಾಗದ ನಡುಮಧ್ಯದಿಂದ ಬರೀ 5 ಕಿ.ಮೀ. ಆಚೆಗೆ ಸುಮ್ನೆ ಕೂತಿದೆ.

ಹಾಗಾದರೆ ಯಾಕೆ ಮಾತಾಡಲಿಲ್ಲ? ನಿನ್ನ ಬರಹದ ಜೀವ ಇಲ್ಲೇ ಇದೆ. ಡಬ್ಬಿಯಂತಿದ್ದ ಬೀಗಲ್‌ನ ಮುಚ್ಚಳ ತೆರೆದುಕೊಂಡು, ನಾಲ್ಕು ದುಂಡನೆಯ ಸೋಲಾರ್ ಫಲಕಗಳು ಎಸಳಿನ ಹಾಗೆ ಒಂದೊಂದಾಗಿ ಬಿಚ್ಚಿಕೊಳ್ಳಬೇಕಿತ್ತು. ಆಂಟೆನಾ ಇದ್ದದ್ದು ಅವುಗಳ ಮರೆಯಲ್ಲಿ. ನಾಲ್ಕೂ ತೆರೆದರೆ ಮಾತ್ರ ಮಾತು. ಒಂದೋ ಎರಡೋ ಎಸಳು ತೆರೆದಿಲ್ಲ ಅಂತ ಮೊದಲು ಚಿತ್ರ ನೋಡಿದವರಿಗೆ ಅನಿಸಿತು. ಮರುವರ್ಷ ಲೆಸ್ಟರ್‌ನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದವರು ಬೀಗಲ್‌ನ ಮಾದರಿಯನ್ನು ಕಂಪ್ಯೂಟರ್‌ನಲ್ಲಿ ಕಟ್ಟಿದರು. ಚಿತ್ರ ತೆಗೆದಾಗ ಬಿಸಿಲು ಬಿದ್ದಿದ್ದ ಕೋನದಲ್ಲೇ ಅದರ ಮೇಲೆ ಬೆಳಕು ಹಾಯಿಸಿ, ಹೊಳಪನ್ನು ತಾಳೆ ನೋಡಿದರು. ಕನಿಷ್ಠ ಮೂರು ಎಸಳು ತೆರೆದಿರಬೇಕು, ನಾಲ್ಕೂ ತೆರೆದಿರಬಹುದು ಅಂದರು.

ಆ ‘ಇರಬಹುದು’ ಅನ್ನುವ ಮಾತನ್ನು ಬರಹದಿಂದ ಕಿತ್ತುಹಾಕಬೇಡ. ಯುವಕರು ಬೇಗ ಕಿತ್ತುಹಾಕುವ ಪದ ಅದು. ಸಾಲು ಮೊನಚಾಗಲಿ ಅಂತ. ನಾನೂ ಹಾಗೆ ಮಾಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

2019ರ ಸೆಪ್ಟೆಂಬರ್ 7ರ ನಡುರಾತ್ರಿ ನಿನಗೂ ನೆನಪಿರಬೇಕು. ಪೀಣ್ಯದ ಇಸ್ರೋ ಕೇಂದ್ರದ ಪರದೆಯ ಮೇಲೆ ಚಂದ್ರಯಾನ-2ರ ವಿಕ್ರಮ್ ನೌಕೆಯನ್ನು ತೋರಿಸುತ್ತಾ ಗೆರೆ ಹಿಡಿದು ಇಳಿಯುತ್ತಿದ್ದ ಹಸಿರು ಚುಕ್ಕೆ, ಗೆರೆ ಬಿಟ್ಟು ಪಕ್ಕಕ್ಕೆ ಸರಿದು ನಿಂತುಬಿಟ್ಟಿತು. ಚಂದ್ರನ ನೆಲ ಇನ್ನು ಎರಡು ಕಿ.ಮೀ.ನಷ್ಟು ದೂರದಲ್ಲಿತ್ತು. ಎರಡು ದಿನ ಬಿಟ್ಟು, ವಿಕ್ರಮ್ ಇಡಿಯಾಗಿದೆ, ಓರೆಯಾಗಿ ಬಿದ್ದಿದೆ ಅಂತ ಸುದ್ದಿ ಹರಡಿತು. ನಾನು ಅದನ್ನೇ ನಂಬಿ, ಓರೆಯಾಗಿ ಮಲಗಿದ ಮಗುವಿನಂತೆ ಅಂತೆಲ್ಲ ಬರೆದೆ. ಓದಿದವರು ಅತ್ತೆವು ಅಂದರು. ಡಿಸೆಂಬರ್‌ನಲ್ಲಿ ನಾಸಾ ಚಿತ್ರ ಹೊರಬಂತು. ಚೆನ್ನೈನ ಷಣ್ಮುಗ ಸುಬ್ರಮಣಿಯನ್ ಹಳೆಯ ಚಿತ್ರ, ಹೊಸ ಚಿತ್ರ ಅಕ್ಕಪಕ್ಕ ಇಟ್ಟುಕೊಂಡು ಹುಡುಕಿ ಒಂದು ಚೂರನ್ನು ಗುರುತಿಸಿದ್ದರು. ಅಪ್ಪಳಿಸಿದ ಜಾಗದಿಂದ ಆ ಚೂರು ಸುಮಾರು 750 ಮೀಟರ್ ದೂರದಲ್ಲಿತ್ತು. ವಿಕ್ರಮ್ ಚೂರಾಗಿ ಹರಡಿಹೋಗಿತ್ತು. ನನ್ನ ಸಾಲು ಸುಳ್ಳಾಗಿತ್ತು. ಅವರು ಕೂತು ನೋಡಿದ್ದರು, ನಾನು ನೋಡಿರಲಿಲ್ಲ. ನಾನು ಒಡೆದದ್ದನ್ನು ಇಡಿಯಾಗಿ ಬರೆದೆ, ನೀನು ಇಡಿಯಾಗಿದ್ದದ್ದನ್ನು ಒಡೆದಿದ್ದೀಯ. ತಪ್ಪು ಒಂದೇ ಅಲ್ವಾ?

ಇನ್ನು ಗೆಳತಿಗೆ ಹೇಳೋಕೆ ಒಂದು ವಿಷಯ. ಬೀಗಲ್ 2 ತನ್ನೊಳಗೇ ಒಂದು ಚಿತ್ರ ಹೊತ್ತುಕೊಂಡು ಹೋಗಿತ್ತು. ಕಲಾವಿದ ಡೇಮಿಯನ್ ಹರ್ಸ್ಟ್ ಮಾಡಿಕೊಟ್ಟ ಪುಟ್ಟ ಲೋಹದ ತಗಡು, ಮೇಲೆ ಸಾಲಾಗಿ ಬಣ್ಣದ ದುಂಡು ಬೊಟ್ಟುಗಳು. ಬರೀ ಅಂದಕ್ಕಲ್ಲ. ಕ್ಯಾಮೆರಾ ಮೊದಲು ಆ ಬೊಟ್ಟುಗಳನ್ನು ನೋಡಿ ತನ್ನ ಬಣ್ಣ ಸರಿ ಮಾಡಿಕೊಳ್ಳಬೇಕಿತ್ತು. ಆಮೇಲೇ ಮಂಗಳನ ಕೆಂಪು. ಪೋಸ್ಟರ್ ಬರೆಯುವ ಹುಡುಗಿಗೆ ಇದಕ್ಕಿಂತ ಒಳ್ಳೆ ವಸ್ತು ಸಿಗುತ್ತಾ? ಹೊಗೆ ತೆಗೆಯಲಿ. ಅಲ್ಲಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಹಾಗೆ ಉರಿದು ಹೊಗೆ ಏಳಲ್ಲ. ಆ ಬೊಟ್ಟುಗಳನ್ನು ಬರೆಯಲಿ.

ಈ ಯಂತ್ರದ ಹಿಂದೆ ಬಿದ್ದು ಕೆಲಸ ಮಾಡಿಸಿದವರು ಕಾಲಿನ್ ಪಿಲಿಂಜರ್. ದಪ್ಪ ಕೆನ್ನೆಮೀಸೆಯ ವಿಜ್ಞಾನಿ. ಅವರು ತೀರಿಕೊಂಡದ್ದು 2014ರ ಮೇ ತಿಂಗಳಲ್ಲಿ. ಬೀಗಲ್ ಸಿಕ್ಕ ಸುದ್ದಿ ಬಂದದ್ದು ಎಂಟು ತಿಂಗಳ ನಂತರ. ಈ ಎರಡು ತಾರೀಖನ್ನು ಪಕ್ಕಪಕ್ಕ ಬರಿ. ‘ವಿಧಿಯಾಟ’ ಅಂತ ಸೇರಿಸಬೇಡ, ಓದುವವರಿಗೆ ಎಂಟು ತಿಂಗಳು ಅಂದರೆ ಏನು ಅಂತ ಗೊತ್ತು.

ಪೋಸ್ಟರ್ ಅಡಿಯ ಜಾಗ ಸಣ್ಣದು, ಆರು ಸಾಲು ಹಿಡಿದರೆ ಜಾಸ್ತಿ. ಎಸಳಿಂದ ಶುರು ಮಾಡು. ಮುಂದಿನ ವಾರ ಊರಿಗೆ ಬರುತ್ತೀಯಲ್ಲ, ಹೊಸ ಕರಡು ತಗೊಂಡು ಮನೆಗೆ ಬಾ. ಗೆಳತಿಯನ್ನೂ ಕರೆದುಕೊಂಡು ಬಾ.

ನಿನ್ನ,
ಅಣ್ಣ