ತಲೆ ಎಣಿಸಿ ಅಲ್ಲ, ದಾರಿ ಅಳೆದು ಅನುದಾನ ಕೊಡಿ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ ನಮಸ್ಕಾರಗಳು.

ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಕಾಡಂಚಿನ ಮಜರೆಯೊಂದರಿಂದ ಬರೆಯುತ್ತಿದ್ದೇನೆ. ಗ್ರಾಮ ಪಂಚಾಯಿತಿಯ ಕಸ ಬೇರ್ಪಡಿಸುವ ಘಟಕವಾದ ಸ್ವಚ್ಛ ಸಂಕೀರ್ಣ, ಮನೆ ಮನೆಯ ಕಸ ಒಯ್ಯುವ ಗಾಡಿಯಾದ ಸ್ವಚ್ಛ ವಾಹಿನಿ ಎರಡೂ ಒಳ್ಳೆಯ ಯೋಜನೆಗಳೇ. ಆದರೆ ಗೋಡೆಗೆ ಗೋಡೆ ತಾಗಿದ ಮನೆಗಳಿರುವ ಊರಿಗೆ ಹೊಂದುವ ಲೆಕ್ಕ ನಮಗೆ ಹೊಂದುವುದಿಲ್ಲ. ಇಲ್ಲಿ ನಾಲ್ಕು ಮನೆ ಈಚೆ, ಎರಡು ಮನೆ ಹಳ್ಳದಾಚೆ, ನಡುವೆ ಕಾಡು. ಮಳೆಗಾಲದಲ್ಲಿ ಕಸದ ಗಾಡಿ ಅರ್ಧ ದಾರಿಯನ್ನೂ ಏರಲಾರದು.

ಹಸಿ ಕಸ ನಮಗೊಂದು ಸಮಸ್ಯೆಯೇ ಅಲ್ಲ. ಅಕ್ಕಚ್ಚು ದನಕ್ಕೆ, ಸಿಪ್ಪೆ ಗೊಬ್ಬರಗುಂಡಿಗೆ ಹೋಗುತ್ತದೆ. ಉಳಿಯುವುದು ಗುಜರಿಯವರೂ ಮುಟ್ಟದ ಸಾಮಾನು: ಶಾಂಪೂ, ಗುಟ್ಕಾ, ಚಿಪ್ಸ್ ಪೊಟ್ಟಣಗಳು, ಮಾತ್ರೆಯ ಹಾಳೆಗಳು, ಮಳೆಗೆ ಕೊಳೆಯದಂತೆ ಅಡಿಕೆ ಕೊನೆಗೆ ಕಟ್ಟಿ ಬಿಚ್ಚಿದ ಪ್ಲಾಸ್ಟಿಕ್ ಹೊದಿಕೆ, ಅಂದರೆ ಕೊಟ್ಟೆ. ಕರಡದ (ಒಣಹುಲ್ಲಿನ) ಕೊಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ ಅದು ತೋಟದಲ್ಲೇ ಕೊಳೆತು ಗೊಬ್ಬರವಾಗುತ್ತಿತ್ತು. ಈಗಿನದು ಬಚ್ಚಲ ಒಲೆ ಸೇರುತ್ತದೆ. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷ ಇರುತ್ತದೆ. ಅದನ್ನು ದಿನಾ ಕುಡಿಯುವವರು ಒಲೆಯ ಮುಂದೆ ಕೂರುವ ಹೆಂಗಸರು ಮತ್ತು ಮಕ್ಕಳು. ಒಲೆಗೆ ಹೋಗದ್ದು ಹಳ್ಳಕ್ಕೆ ಬೀಳುತ್ತದೆ, ಹಳ್ಳ ಕಾಳಿ ನದಿಯನ್ನು ಸೇರುತ್ತದೆ. ಕಸ ಸುಡಬೇಡಿ ಎಂದು ಹೇಳುವವರು, ಮತ್ತೆಲ್ಲಿಗೆ ಕೊಡಬೇಕು ಎಂಬುದನ್ನೂ ಹೇಳಬೇಕಲ್ಲವೇ?

ನಮಗೆ ದಿನಾ ಗಾಡಿ ಬೇಡ. ತೊಳೆದು ಒಣಗಿಸಿದ ಪ್ಲಾಸ್ಟಿಕ್ ತಿಂಗಳುಗಟ್ಟಲೆ ಚೀಲದಲ್ಲಿದ್ದರೂ ನಾರುವುದಿಲ್ಲ. ಪಡಿತರ ಕೊಡುವ ದಿನ ಹೆಚ್ಚುಕಡಿಮೆ ಎಲ್ಲ ಮನೆಗಳಿಂದಲೂ ಒಬ್ಬರು ನ್ಯಾಯಬೆಲೆ ಅಂಗಡಿಗೆ ಬರುತ್ತಾರೆ. ಅಂದು ಸ್ವಚ್ಛ ವಾಹಿನಿ ಅಲ್ಲಿಯೇ ನಿಂತಿರಲಿ. ಅಕ್ಕಿಗೆ ಬರುವವರು ಕಸದ ಚೀಲವನ್ನೂ ಹೊತ್ತು ತರುತ್ತಾರೆ. ಡೈಪರ್, ಪ್ಯಾಡ್‌ಗಳನ್ನು ಮಾತ್ರ ಅಷ್ಟು ದಿನ ಇಡಲಾಗದು, ಅವುಗಳಿಗೆ ವಾರಕ್ಕೊಮ್ಮೆಯಾದರೂ ವ್ಯವಸ್ಥೆ ಬೇಕು.

ಕಸ ಬೇರ್ಪಡಿಸಲು ಪಂಚಾಯಿತಿಗೊಂದು ಶೆಡ್ ಎಂಬ ಹಟವನ್ನೂ ಬಿಡಿ. ಸುತ್ತಲೂ ಅರಣ್ಯ ಇಲಾಖೆಯ ಜಾಗವೇ ಇರುವಲ್ಲಿ ಶೆಡ್‌ಗೆ ನೆಲ ಹುಡುಕುವುದರಲ್ಲೇ ವರ್ಷಗಳು ಕಳೆಯುತ್ತವೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಂದೇ ಘಟಕ ಹಲವು ಪಂಚಾಯಿತಿಗಳ ಒಣ ಕಸವನ್ನು ಬೇರ್ಪಡಿಸುತ್ತದೆ. ನಮ್ಮ ಇಡೀ ತಾಲ್ಲೂಕಿಗೆ ಅದಕ್ಕಿಂತ ಚಿಕ್ಕದೊಂದು ಸಾಕು.

ಗಾಡಿ ಕೊಳ್ಳಲು, ಕಟ್ಟಡ ಕಟ್ಟಲು ಹಣ ಹೊಂದಿಸಬಹುದು. ಕಷ್ಟವಿರುವುದು ನಂತರದ ಡೀಸೆಲ್‌ಗೆ, ಗಾಡಿ ಓಡಿಸುವ ಸ್ವಸಹಾಯ ಸಂಘದ ಮಹಿಳೆಯರ ಸಂಬಳಕ್ಕೆ. ಮನೆಗಳು ಕಡಿಮೆ, ದಾರಿ ಉದ್ದ. ಮನೆ ಮನೆಯ ಶುಲ್ಕ ಡೀಸೆಲ್‌ಗೂ ಸಾಲದು. ಕೇಂದ್ರದ 15ನೇ ಹಣಕಾಸು ಆಯೋಗ ನೈರ್ಮಲ್ಯಕ್ಕೆಂದೇ ಅನುದಾನ ಮೀಸಲಿಟ್ಟಿತ್ತು, ಆದರೆ ಜನ ಕಡಿಮೆ ಇರುವ ಪಂಚಾಯಿತಿಗೆ ಪಾಲೂ ಕಡಿಮೆಯೇ. ಆದ್ದರಿಂದ ಮಲೆನಾಡಿನ ಪಂಚಾಯಿತಿಗಳಿಗೆ ಕಸ ಸಾಗಿಸುವ ವೆಚ್ಚವನ್ನು ಕಿಲೋಮೀಟರ್ ಲೆಕ್ಕದಲ್ಲಿ ಕೊಡಿ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಹಳ್ಳಿಗಳಿಗೂ ಅನ್ವಯಿಸುತ್ತವೆ; ಪೊಟ್ಟಣದ ಕಸದ ಹೊಣೆಯನ್ನು ಅವು ಕಂಪನಿಗಳ ಮೇಲೂ ಹೊರಿಸುತ್ತವೆ. ಶಾಂಪೂ ಪೊಟ್ಟಣವನ್ನು ನಮ್ಮ ಮಜರೆಯ ಗೂಡಂಗಡಿಯವರೆಗೆ ತಲುಪಿಸಬಲ್ಲವರು ಅದನ್ನು ಹಿಂದಕ್ಕೆ ಒಯ್ಯುವ ಖರ್ಚನ್ನೂ ಕೊಡಲಿ.

ಮುಂದಿನ ಮಳೆಗಾಲಕ್ಕೆ ಮೊದಲು ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಾದರೂ ಪಡಿತರದ ದಿನದ ಸಂಗ್ರಹವನ್ನು ಆರಂಭಿಸಲು ಜಿಲ್ಲಾ ಪಂಚಾಯಿತಿಗೆ ಆದೇಶಿಸಬೇಕೆಂದು ಕೋರುತ್ತೇನೆ.

ಇಂತಿ,
ಜೋಯಿಡಾ ತಾಲ್ಲೂಕಿನ ಒಬ್ಬ ನಿವಾಸಿ