ಚೀಲ ನೋಡಲಿ, ಹೆಸರು ಯಾಕೆ ನೋಡಬೇಕು?

ದಾವಣಗೆರೆ

ಪ್ರಿಯ ಗೆಳೆಯ,

ಅಮೆರಿಕದಿಂದ ನೀನು ಕಳಿಸಿದ ಮೇಲ್ ಓದಿದೆ. ಏರ್‌ಪೋರ್ಟ್ ಸಾಲಿನಲ್ಲಿ ಮುದುಕಿಯರ ಚೀಲ ಬಿಚ್ಚಿಸುತ್ತಾ ಕೂತರೆ ಏನು ಪ್ರಯೋಜನ, ಹೆಸರು, ಮುಖ ನೋಡಿ ಯಾರ ಮೇಲೆ ಅನುಮಾನವೋ ಅವರನ್ನಷ್ಟೇ ಪಕ್ಕಕ್ಕೆ ಕರೆದು ನೋಡಿದರೆ ಎಲ್ಲರಿಗೂ ಟೈಂ ಉಳಿಯುತ್ತೆ ಅಂತ ಬರೆದಿದ್ದೀಯ. ‘ತಪ್ಪು ಮಾಡದವನಿಗೆ ಭಯ ಯಾಕೆ’ ಅಂತ ಕೊನೆಗೆ ಒಗ್ಗರಣೆ ಬೇರೆ. ಫೋನಿನಲ್ಲಿ ಜಗಳಕ್ಕಿಳಿದರೆ ನಿನ್ನ ದನಿಯೇ ಜೋರು. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ, ಯಾಕೆಂದರೆ ನಿನ್ನ ಮಾತಿಗೆ ತಲೆದೂಗುವವರು ನಮ್ಮ ಬ್ಯಾಚಿನಲ್ಲೇ ಬೇಕಾದಷ್ಟು ಮಂದಿ ಇದ್ದಾರೆ.

ಡಾಕ್ಟರ್ ಮೊಹಮ್ಮದ್ ಹನೀಫ್ ನೆನಪಿದ್ದಾರಾ? 2007ರ ಸುದ್ದಿ. ಮೂಡಿಗೆರೆಯವರು. ಬೆಂಗಳೂರಿನಲ್ಲಿ ಡಾಕ್ಟರಿಕೆ ಓದಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಆಸ್ಪತ್ರೆ ಕೆಲಸದಲ್ಲಿದ್ದರು. ಆ ವರ್ಷ ಜೂನ್ 30ರಂದು ಬ್ರಿಟನ್ನಿನ ಗ್ಲಾಸ್ಗೋ ಏರ್‌ಪೋರ್ಟ್‌ಗೆ ಜೀಪ್ ನುಗ್ಗಿಸಿ ಭಯೋತ್ಪಾದಕ ದಾಳಿ ಮಾಡಿದವರಲ್ಲಿ ಒಬ್ಬ ಅವರ ಸಂಬಂಧಿ. ಹನೀಫ್ ಇಂಗ್ಲೆಂಡ್ ಬಿಟ್ಟು ಹೊರಡುವಾಗ ತಮ್ಮ ಸಿಮ್ ಕಾರ್ಡನ್ನು ಅವನ ತಮ್ಮನ ಕೈಗೆ ಕೊಟ್ಟು ಹೋಗಿದ್ದರು. ಜುಲೈ 2ರಂದು ಬ್ರಿಸ್ಬೇನ್ ಏರ್‌ಪೋರ್ಟ್‌ನಲ್ಲಿ ಅವರನ್ನು ಹಿಡಿದರು.

ವಿಚಾರಿಸಲೇಬಾರದಿತ್ತು ಅಂತ ನಾನು ಹೇಳಲ್ಲ. ಸಂಬಂಧ ಇತ್ತು, ಸಿಮ್ ಇತ್ತು. ಕೇಳಬೇಕಾದದ್ದೇ. ಆದರೆ ಮುಂದೆ ಏನಾಯ್ತು ನೋಡು. ಅವರ ಕೈಯಲ್ಲಿ ಒನ್‌ವೇ ಟಿಕೆಟ್ ಇತ್ತು, ಅದೇ ಒಂದು ದೊಡ್ಡ ಅನುಮಾನವಾಯ್ತು. ಬೆಂಗಳೂರಿನಲ್ಲಿ ಹೆಂಡತಿಗೆ ಹೆರಿಗೆಯಾಗಿದೆ, ಮಗು ನೋಡೋಕೆ ಹೊರಟಿದ್ದೇನೆ ಅಂದರು. ನಡೆಯಲಿಲ್ಲ. ಯಾವ ಆರೋಪವೂ ಇಲ್ಲದೆ 12 ದಿನ ಒಳಗಿಟ್ಟರು. ಸಿಮ್ ಕಾರ್ಡ್ ಗ್ಲಾಸ್ಗೋದ ಆ ಜೀಪಿನಲ್ಲೇ ಸಿಕ್ಕಿತು ಅಂತ ಕೋರ್ಟಿನಲ್ಲಿ ಹೇಳಿದರು. ಅದು ಸಿಕ್ಕಿದ್ದು ಎಲ್ಲೋ ದೂರದ ಲಿವರ್‌ಪೂಲ್‌ನಲ್ಲಿ! ತಿಂಗಳು ಮುಗಿಯುವುದರೊಳಗೆ ಕೇಸು ಬಿದ್ದುಹೋಯಿತು. ಅವರ ವಿರುದ್ಧ ಸಾಕ್ಷಿಯೇ ಇರಲಿಲ್ಲ ಅಂತ 2008ರಲ್ಲಿ ಆಸ್ಟ್ರೇಲಿಯಾ ಸರ್ಕಾರವೇ ನೇಮಿಸಿದ ಕ್ಲಾರ್ಕ್ ವಿಚಾರಣೆ ಹೇಳಿತು. 2010ರಲ್ಲಿ ಪರಿಹಾರವನ್ನೂ ಕೊಟ್ಟರು.

ಒನ್‌ವೇ ಟಿಕೆಟ್ ನೀನು ತಗೊಂಡಿಲ್ವಾ? ಅಪ್ಪಾಜಿಗೆ ಹುಷಾರಿಲ್ಲದಾಗ ಸಿಕ್ಕಿದ ಫ್ಲೈಟ್ ಹತ್ತಿ ಬಂದೆ, ವಾಪಸ್ ಟಿಕೆಟ್ ಇಲ್ಲಿ ಕೂತು ಬುಕ್ ಮಾಡಿದೆ. ನಿನ್ನನ್ನು ಯಾರೂ ಏನೂ ಕೇಳಲಿಲ್ಲ. ಟಿಕೆಟ್ ಒಂದೇ, ಮೇಲಿನ ಹೆಸರು ಮಾತ್ರ ಬೇರೆ.

ಇಸ್ರೇಲಿನವರನ್ನು ನೋಡಿ ಕಲೀಬೇಕು ಅಂದಿದ್ದೀಯಲ್ಲ, ಅದನ್ನೇ ನೋಡೋಣ. 1972ರ ಮೇ ತಿಂಗಳು. ಲೋಡ್ ಏರ್‌ಪೋರ್ಟ್‌ನ ಕಾವಲಿನವರ ಕಣ್ಣೆಲ್ಲ ಪ್ಯಾಲೆಸ್ತೀನಿಯರ ಮೇಲೆ. ಮೂವರು ಜಪಾನಿ ಹುಡುಗರು ವಿಮಾನ ಇಳಿದು ಬಂದರು, ಪಿಟೀಲಿನ ಪೆಟ್ಟಿಗೆಗಳಿಂದ ಬಂದೂಕು ತೆಗೆದರು. 26 ಜನ ಸತ್ತರು. ದಾಳಿಯ ಹಿಂದಿದ್ದ ಪ್ಯಾಲೆಸ್ತೀನಿ ಗುಂಪಿನವರು ಯಾರ ಮೇಲೆ ಅನುಮಾನ ಇಲ್ಲವೋ ಅವರನ್ನೇ ಕಳಿಸಿದ್ದರು. ಮುಖ ನೋಡಿ ಹಿಡೀತಾರೆ ಅಂತ ಗೊತ್ತಾದರೆ ಬೇರೆ ಮುಖ ಹುಡುಕೋದು ಎಷ್ಟು ಹೊತ್ತಿನ ಕೆಲಸ? 1986ರಲ್ಲಿ ಲಂಡನ್ನಿನ ಹೀಥ್ರೂನಲ್ಲಿ ಆಗಿದ್ದೂ ಅದೇ. ಗರ್ಭಿಣಿ ಐರಿಷ್ ಹೆಂಗಸಿನ ಚೀಲದಲ್ಲಿ ಅವಳ ಪ್ರಿಯಕರ ಬಾಂಬ್ ಇಟ್ಟಿದ್ದ, ಪಾಪ ಅವಳಿಗೇ ಗೊತ್ತಿರಲಿಲ್ಲ. ಏರ್‌ಪೋರ್ಟ್‌ನ ತಪಾಸಣೆ ದಾಟಿ ಬಂದಿದ್ದಳು. ಇಸ್ರೇಲಿ ವಿಮಾನ ಕಂಪನಿಯವರು ಹತ್ತಿಸುವ ಮೊದಲು ಪ್ರಶ್ನೆ ಕೇಳಿದರು, ಚೀಲ ಖಾಲಿ ಮಾಡಿಸಿದರು. ಖಾಲಿ ಚೀಲವೂ ಭಾರ ಇತ್ತು. ಹಾಗೆ ಸಿಕ್ಕಿಬಿತ್ತು. ಅವಳ ಬಣ್ಣ, ಜಾತಿ ನೋಡಿ ಬಿಟ್ಟಿದ್ದರೆ ವಿಮಾನ ಉಳಿಯುತ್ತಿರಲಿಲ್ಲ.

ನಿಮ್ಮ ಅಮೆರಿಕವೂ ನೀನು ಹೇಳುವ ದಾರಿಯನ್ನು ದೊಡ್ಡದಾಗಿಯೇ ಹಿಡಿದು ನೋಡಿದೆ. 2002ರಲ್ಲಿ ಶುರು ಮಾಡಿದರು: 25 ದೇಶಗಳ ಗಂಡಸರು ಬಂದು ಹೆಸರು ಬರೆಸಬೇಕು, ಬೆರಳಚ್ಚು ಕೊಡಬೇಕು. ಒಂದು ಉತ್ತರ ಕೊರಿಯಾ ಬಿಟ್ಟರೆ ಉಳಿದವೆಲ್ಲ ಮುಸ್ಲಿಮರು ಹೆಚ್ಚಿರುವ ದೇಶಗಳೇ. 80 ಸಾವಿರಕ್ಕೂ ಹೆಚ್ಚು ಜನ ತಾವಾಗಿಯೇ ಹೋಗಿ ಸಾಲಿನಲ್ಲಿ ನಿಂತರು. 13 ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಡೀಪಾರಿನ ಕಟಕಟೆಗೆ ನಿಲ್ಲಿಸಿದರು. ಭಯೋತ್ಪಾದನೆಯ ಕೇಸಿನಲ್ಲಿ ಶಿಕ್ಷೆಯಾದವನು ಒಬ್ಬನೂ ಇಲ್ಲ. 2011ರಲ್ಲಿ ಸುಮ್ಮನೆ ನಿಲ್ಲಿಸಿದರು. ಅಷ್ಟೇ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡ. ನೀನು ದಿನಾ ವಿಭೂತಿ ಹಚ್ಚಿಕೊಂಡು ಆಫೀಸಿಗೆ ಹೋದರೂ ಅಲ್ಲಿನ ಸಾಲಿನಲ್ಲಿ ನೀನು ಕಂದು ಮೈಯವನೇ. 2001ರ ಸೆಪ್ಟೆಂಬರ್ 15ರಂದು ಅರಿಜೋನಾದಲ್ಲಿ ಬಲ್ಬೀರ್ ಸಿಂಗ್ ಸೋಧಿ ಅವರನ್ನು ಅವರದೇ ಪೆಟ್ರೋಲ್ ಬಂಕಿನ ಮುಂದೆ ಗುಂಡಿಟ್ಟು ಕೊಂದವನಿಗೆ ಸಿಖ್ಖರು ಯಾರು, ಮುಸ್ಲಿಮರು ಯಾರು ಅನ್ನೋದು ಬೇಕಿರಲಿಲ್ಲ. ಪೇಟ, ಗಡ್ಡ ಸಾಕಾಯಿತು. 2010ರಲ್ಲಿ ಮಿಸಿಸಿಪ್ಪಿಯಲ್ಲಿ ನಮ್ಮ ರಾಯಭಾರಿ ಮೀರಾ ಶಂಕರ್ ಅವರನ್ನೇ ಸಾಲಿನಿಂದ ತೆಗೆದು ಮೈ ತಡವಿ ನೋಡಿದರು. ಸೀರೆ ಉಟ್ಟಿದ್ದೇ ಕಾರಣ ಅಂತ ಆಗ ಪೇಪರಿನಲ್ಲಿ ಬಂತು. ಬರುವ ತಿಂಗಳು ನಿಮ್ಮಮ್ಮ ಬರ್ತಿರೋದೂ ಸೀರೆಯಲ್ಲೇ ಅಲ್ವಾ?

ಇದೆಲ್ಲ ಹೊರದೇಶದ ರೋಗ ಅಂತ ಅಂದುಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅನ್ನೋ ಏರಿಯಾ ಇದೆಯಲ್ಲ, ಎಷ್ಟೋ ಸಲ ಓಡಾಡಿದ್ದೇವೆ. ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಅಂತ ಹಣೆಪಟ್ಟಿ ಹಚ್ಚಿದವರನ್ನು ಕೂಡಿಹಾಕಿದ್ದ ಜಾಗ ಅದು. 1871ರ ಕಾಯ್ದೆ. ಕದ್ದರೋ ಇಲ್ಲವೋ ಬೇಕಾಗಿಲ್ಲ, ಆ ಜಾತಿಯಲ್ಲಿ ಹುಟ್ಟಿದರೆ ಪೊಲೀಸರಿಗೆ ಹಾಜರಿ ಕೊಡಬೇಕು. ಕಾಯ್ದೆ 1952ರಲ್ಲಿ ಹೋಯಿತು. ಆದರೆ ಊರಲ್ಲಿ ಕಳ್ಳತನವಾದರೆ ಮೊದಲು ಯಾರ ಗುಡಿಸಲಿಗೆ ಹೋಗ್ತಾರೆ ಅನ್ನೋದು ನಿನಗೆ ನಾನು ಹೇಳಬೇಕಾ?

ಇನ್ನು ನಿನ್ನ ‘ಭಯ ಯಾಕೆ’ ಪ್ರಶ್ನೆ. ಮಂಡಿಪೇಟೆಯ ನಮ್ಮ ಟೈಲರ್ ಚಾಚಾ, ನಮ್ಮಿಬ್ಬರ ಕಾಲೇಜು ಪ್ಯಾಂಟು ಹೊಲಿದವರು, ಗಲ್ಫ್‌ನಲ್ಲಿರೋ ಮಗನ ಹತ್ತಿರ ಹೋಗಿ ಬಂದರು. ಹೊರಡೋ ಹಿಂದಿನ ದಿನ ಅಂಗಡಿಗೆ ಹೋಗಿದ್ದೆ. ಮಿಷಿನ್ ಮೇಲೆ ಒಂದು ಪ್ಲಾಸ್ಟಿಕ್ ಫೈಲು. ಮಗನ ಕಂಪನಿಯ ಪತ್ರ, ವಾಪಸ್ ಟಿಕೆಟ್ ಪ್ರಿಂಟು, ಸಕ್ಕರೆ ಕಾಯಿಲೆ ಮಾತ್ರೆಯ ಚೀಟಿ, ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್, ಒಂದೊಂದಕ್ಕೂ ಬೇರೆ ಪಿನ್ನು. ಗಡ್ಡ ಅರ್ಧಕ್ಕರ್ಧ ಇಳಿದಿತ್ತು. ಫ್ಲೈಟಿಗೆ ಆರು ತಾಸು ಮೊದಲೇ ಅಲ್ಲಿರಬೇಕು ಅಂತ ಹಿಂದಿನ ರಾತ್ರಿಯ ಬಸ್ಸಿಗೇ ಟಿಕೆಟ್ ಮಾಡಿಸಿದ್ದರು. ‘ಪಕ್ಕಕ್ಕೆ ಕರೆದ್ರೆ ಟೈಂ ಬೇಕಲ್ಲಪ್ಪ’ ಅಂದರು, ಬಸ್ ಲೇಟಾಗುತ್ತೆ ಅನ್ನೋ ಹಾಗೆ. ಜೊತೆಗೆ ಹೊರಟಿದ್ದ ಮೊಮ್ಮಗನಿಗೆ ಒಂದೇ ಮಾತು: ಸಾಲಲ್ಲಿ ನಿಂತಾಗ ಉರ್ದು ಬೇಡ, ಕನ್ನಡದಲ್ಲೇ ಮಾತಾಡು.

ಆ ಮನುಷ್ಯ ಏನು ತಪ್ಪು ಮಾಡಿದ್ದಾನೆ ಹೇಳು. ಆ ಹುಡುಗ ನಾಳೆ ಎಲ್ಲಾದರೂ ನಿಜವಾಗಿಯೇ ಅನುಮಾನದ ವಿಷಯ ಕಂಡರೆ ಓಡಿಹೋಗಿ ಪೊಲೀಸರಿಗೆ ಹೇಳ್ತಾನಾ? ನಾನಾದರೆ ಹೇಳ್ತಿರಲಿಲ್ಲ, ನನ್ನನ್ನೇ ಕೂರಿಸಿಕೊಳ್ತಾರೆ ಅಂತ. ಪೊಲೀಸರಿಗೆ ಸುಳಿವು ಸಿಗೋದು ಜನರಿಂದ. ಆ ಜನರನ್ನೇ ದೂರ ಮಾಡಿಕೊಂಡು ಯಾವ ಭದ್ರತೆ?

ಹಾಗಾದರೆ ತಪಾಸಣೆಯೇ ಬೇಡವಾ ಅಂತ ಕೇಳ್ತೀಯ. ಬೇಕು, ಚೆನ್ನಾಗಿಯೇ ಬೇಕು. ಇಂಥವನ ಬಗ್ಗೆ ಖಚಿತ ಮಾಹಿತಿ ಇದ್ದರೆ ಅವನನ್ನು ತಡೆಯಲಿ. ಇಲ್ಲದಿದ್ದರೆ ಎಲ್ಲರ ಚೀಲವೂ ಒಂದೇ ಮಿಷಿನ್‌ನಲ್ಲಿ ಹೋಗಲಿ. ಹೆಚ್ಚಿನ ತಪಾಸಣೆಗೆ ಯಾರು ಅನ್ನೋದನ್ನು ಚೀಟಿ ಎತ್ತಿದ ಹಾಗೆ ಆರಿಸಲಿ, ಸಾಲು ಕಾಯುವವನ ಕಣ್ಣಿಗೆ ಬಿಡಬಾರದು. 2018ರಿಂದ ಅಮೆರಿಕಕ್ಕೆ ಬರುವ ವಿಮಾನಗಳಿಗೆ ಒಂದು ನಿಯಮ ಇದೆ ನೋಡು: ಕೈಚೀಲದಲ್ಲಿ 350 ಮಿಲಿಲೀಟರ್‌ಗಿಂತ ಜಾಸ್ತಿ ಪುಡಿ ಇದ್ದರೆ ಬಿಚ್ಚಿ ನೋಡ್ತಾರೆ, ಏನು ಅಂತ ತಿಳಿಯದಿದ್ದರೆ ಒಳಗೆ ಬಿಡಲ್ಲ. ಯಾರ ಪುಡಿ ಅಂತ ನಿಯಮ ಕೇಳಲ್ಲ. ನನಗೆ ಅದರ ಬಗ್ಗೆ ತಕರಾರಿಲ್ಲ.

ನಿಮ್ಮಮ್ಮ ನಿನಗೆ ಅಂತ ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ಎರಡೂ ಕುಟ್ಟಿಸಿದ್ದಾರೆ. ಕೈಚೀಲಕ್ಕೆ ಬೇಡ, ದೊಡ್ಡ ಸೂಟ್‌ಕೇಸಿಗೆ ಹಾಕಿ ಅಂತ ಹೇಳಿ ಬಂದಿದ್ದೇನೆ. ಕೇಳಿದ ಹಾಗೆ ಕಾಣಲಿಲ್ಲ, ನೀನೂ ಒಂದು ಮಾತು ಫೋನ್ ಮಾಡಿ ಹೇಳು. ಉತ್ತರ ಉದ್ದವಾಗಿಯೇ ಬರಲಿ, ಬೈದರೂ ಪರವಾಗಿಲ್ಲ.

ನಿನ್ನ ಗೆಳೆಯ