ಪ್ರಾಕ್ಟಿಕಲ್ ಮಾರ್ಕ್ಸ್ ಕೊಡೋಕೆ ಮುಂಚೆ ಕೆಲಸ ಮಾಡೋದನ್ನ ನೋಡಿ

ಮಾನ್ಯ ಸಂಪಾದಕರೇ,

ಟರ್ನರ್ (ಲೇತ್ ಮೆಷಿನ್‌ನಲ್ಲಿ ಲೋಹ ಕಡೆಯೋ ಕೆಲಸ), ವೆಲ್ಡರ್, ಎಲೆಕ್ಟ್ರಿಷಿಯನ್ ಥರದ ಕೋರ್ಸ್‌ಗಳಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಹೇಗೆ ನಡೀತಿದೆ ಅನ್ನೋದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ, ಅದಕ್ಕೇ ಬರೀತಿದೀನಿ. ವರ್ಕ್‌ಶಾಪ್‌ನಲ್ಲಿ ಪಾಠ ಮಾಡೋ ನಾನು ನೋಡಿರೋ ಹಾಗೆ ರೆಕಾರ್ಡ್ ಬುಕ್ ನೀಟಾಗಿದ್ಯಾ, ಟೇಬಲ್ ಮೇಲಿಟ್ಟ ಜಾಬ್, ಅಂದ್ರೆ ಮಕ್ಕಳು ಮಾಡಿದ ವಸ್ತು, ನೋಡೋಕೆ ಚೆನ್ನಾಗಿದ್ಯಾ, ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆ) ನಾಲ್ಕು ಪ್ರಶ್ನೆಗೆ ಉತ್ತರ ಬಂತಾ, ಅಷ್ಟಾದ್ರೆ ಮಾರ್ಕ್ಸ್ ಬಿತ್ತು. ಅದನ್ನ ಹೇಗೆ ಮಾಡಿದ್ರು ಅನ್ನೋದು ಯಾವ ಕಾಲಮ್ಮಲ್ಲೂ ಬರಲ್ಲ.

ಡ್ರಾಯಿಂಗ್‌ನಲ್ಲಿ ಶಾಫ್ಟ್ (ದುಂಡನೆ ಲೋಹದ ಕಂಬಿ) ವ್ಯಾಸ 25 ಮಿ.ಮೀ., ಆಚೆ ಈಚೆ 0.1 ಅಂತಿದೆ ಅಂದ್ಕೊಳ್ಳಿ. ಒಬ್ಬಳದ್ದು 25.15 ಬಂತು, ಇನ್ನೊಬ್ಬನದ್ದು 24.85. ಇಬ್ಬರದ್ದೂ ಲಿಮಿಟ್ ದಾಟಿದೆ ಅಂತ ಒಂದೇ ಸಮ ಮಾರ್ಕ್ಸ್ ಕಟ್ ಮಾಡ್ತಾರೆ, ಆದ್ರೆ ಮೊದಲನೇದರಲ್ಲಿ ಇನ್ನೊಂದು ಚೂರು ಲೋಹ ಕಡೆದು ತೆಗೆದ್ರೆ ಸರಿಹೋಗುತ್ತೆ, ಎರಡನೇದು ಸ್ಕ್ರ್ಯಾಪೇ. ನಾನಂತೂ ಮಕ್ಕಳಿಗೆ ಜಾಬ್ ಒಪ್ಪಿಸೋಕೆ ಮುಂಚೆ ನೀವೇ ವರ್ನಿಯರಲ್ಲಿ (ಸೂಕ್ಷ್ಮವಾಗಿ ಅಳೆಯೋ ಉಪಕರಣ) ಅಳೆದು ಚೀಟೀಲಿ ಬರೆದುಕೊಡಿ ಅಂತೀನಿ, ಆಮೇಲೆ ನಾನು ಅಳೀತೀನಿ. ಎರಡೂ ತಾಳೆ ಆದ್ರೆ ಜಾಬ್ ಕೆಟ್ಟಿದ್ರೂ ಅಳತೆ ಕಲಿತಿದಾರೆ ಅಂತ ಗೊತ್ತಾಗುತ್ತೆ, ಆಗ್ಲಿಲ್ಲ ಅಂದ್ರೆ ಸರಿಯಾಗಿ ಬಂದ ಜಾಬನ್ನೂ ನಂಬೋಕಾಗಲ್ಲ. ಇನ್ನು ಚಕ್ (ಲೇತ್‌ನಲ್ಲಿ ಜಾಬ್ ಹಿಡಿದು ತಿರುಗೋ ಭಾಗ) ಬಿಗಿ ಮಾಡೋ ಚಕ್ ಕೀ ಚಕ್ಕಲ್ಲೇ ಬಿಟ್ಟು ಮೆಷಿನ್ ಸ್ಟಾರ್ಟ್ ಮಾಡೋಕೆ ಹೋದೋರನ್ನ, ಜಾಬ್ ಎಷ್ಟೇ ಚೆನ್ನಾಗಿ ಬಂದಿರಲಿ, ಪಾಸ್ ಮಾಡಲೇಬಾರದು.

ವೆಲ್ಡಿಂಗೂ ಅಷ್ಟೇ, ಮೇಲೆ ಸಾಲು ಅಂದವಾಗಿ ಕೂತಿರುತ್ತೆ, ಪೀಸ್ ಕಟ್ ಮಾಡಿ ಬೆಂಡ್ ಟೆಸ್ಟ್‌ಗೆ (ಬಗ್ಗಿಸಿ ನೋಡೋ ಪರೀಕ್ಷೆ) ಹಾಕಿದ್ರೆ ಒಳಗೆ ಲೋಹ ಬೆಸೆದೇ ಇಲ್ಲ ಅನ್ನೋದು ಬಿರುಕು ಬಿಟ್ಟು ತೋರಿಸುತ್ತೆ.

ಎಲೆಕ್ಟ್ರಿಕಲ್‌ನಲ್ಲಿ ಟೂ ವೇ ಸ್ವಿಚ್ (ಒಂದೇ ದೀಪಕ್ಕೆ ಎರಡು ಕಡೆ ಸ್ವಿಚ್) ಬೋರ್ಡ್ ವೈರಿಂಗ್ ವರ್ಷಾನುಗಟ್ಲೆ ಅದೇ ಪ್ರಶ್ನೆ, ಬಾಯಿಪಾಠ ಮಾಡಿದ ಹಾಗೆ ಕೈಪಾಠ ಮಾಡ್ಕೊಂಡು ಬರ್ತಾರೆ. ಅದರ ಬದಲು ಮಾಡಿಟ್ಟ ಬೋರ್ಡಲ್ಲಿ ಒಂದು ವೈರ್ ಸಡಿಲ ಮಾಡಿ ಫಾಲ್ಟ್ ಹುಡುಕಿ ಅನ್ನಿ. ಮೊದಲು ಮೈನ್ ಆಫ್ ಮಾಡಿದ್ರಾ, ಕರೆಂಟ್ ಇಲ್ಲ ಅಂತ ಟೆಸ್ಟರ್ ಇಟ್ಟು ನೋಡಿದ್ರಾ, ಆ ಟೆಸ್ಟರೇ ಸರಿ ಇದ್ಯಾ ಅಂತ ಕರೆಂಟ್ ಇರೋ ಕಡೆ ಮುಂಚೇನೂ ಆಮೇಲೂ ಚೆಕ್ ಮಾಡಿದ್ರಾ, ಹತ್ತೇ ನಿಮಿಷದಲ್ಲಿ ಎಲ್ಲಾ ಹೊರಗೆ ಬರುತ್ತೆ.

ಬ್ಯಾಚ್ ದೊಡ್ಡದು, ಪರೀಕ್ಷೆ ಒಂದೇ ದಿನ, ಎಲ್ಲರ ಪಕ್ಕ ನಿಂತು ನೋಡೋಕಾಗಲ್ಲ ಅಂತ ಮೇಷ್ಟ್ರುಗಳು ಹೇಳೋದು ನಿಜ, ನನಗೂ ಅದೇ ಕಷ್ಟ. ಅದಕ್ಕೆ ಒಂದೇ ದಿನಕ್ಕೆ ಕಟ್ಟಿಹಾಕದೆ ವರ್ಷ ಪೂರ್ತಿ ದಿನಕ್ಕೆ ಮೂರ್ನಾಲ್ಕು ಜನರನ್ನ ಗಮನಿಸಿ ಬರೆದಿಡಬೇಕು, ಏನು ನೋಡ್ತೀವಿ ಅಂತ ಮಕ್ಕಳಿಗೆ ಮೊದಲೇ ಹೇಳಿರಬೇಕು, ಮತ್ತೆ ಒಂದೇ ಜಾಬ್‌ಗೆ ಇಬ್ಬರು ಮೇಷ್ಟ್ರು ಒಬ್ಬರದ್ದು ಇನ್ನೊಬ್ಬರು ನೋಡದೆ ಮಾರ್ಕ್ಸ್ ಹಾಕಿ ಹೋಲಿಸಿ ನೋಡಬೇಕು, ಎಷ್ಟು ವ್ಯತ್ಯಾಸ ಬರುತ್ತೆ ಅಂತ ಅವರಿಗೇ ಆಶ್ಚರ್ಯ ಆಗುತ್ತೆ.

ಅಂಕಪಟ್ಟಿಯಲ್ಲೂ ಪ್ರಾಕ್ಟಿಕಲ್ ಅಂತ ಒಂದೇ ನಂಬರ್ ಹಾಕೋದು ಬಿಟ್ಟು ಸುರಕ್ಷತೆ, ಅಳತೆ, ಜಾಬ್, ಫಾಲ್ಟ್ ಹುಡುಕೋದು ಅಂತ ಬೇರೆ ಬೇರೆ ತೋರಿಸಲಿ ಅಂತ ಪರೀಕ್ಷೆ ನಡೆಸೋರನ್ನ ನಿಮ್ಮ ಪತ್ರಿಕೆ ಮೂಲಕ ಕೇಳ್ಕೋತೀನಿ.

ಇಂತಿ,
ವರ್ಕ್‌ಶಾಪ್ ಶಿಕ್ಷಕ